ಬಗ್ಗಿದ ಬೆನ್ನಿನ ಏಳು ಹೆಂಗಸರು

ನನ್ನನ್ನು ನೋಡಲು ಬಂದ ಗಂಡು ನನ್ನನ್ನು ನೋಡಲಿಲ್ಲ, ನಮ್ಮ ಮನೆಯ ಗೋಡೆ ನೋಡಿದರು.

ನಮ್ಮದು ಮಂಗಳೂರು. ಕಡಲ ದಂಡೆಯದಲ್ಲ, ಯಲಬುರ್ಗಾ ಸೀಮೆಯದು. ಅಪ್ಪ ತೊಟ್ಟಿಲಿಗೆ, ಪಲ್ಲಕ್ಕಿಗೆ, ಗೌರಿ ಗೊಂಬೆಗೆ ಬಣ್ಣ ಬಳಿಯುವ ಚಿತ್ರಗಾರ. ಅವ್ವನ ಕೈ ಗೋಡೆಯ ಮೇಲೆ ಓಡುತ್ತಿತ್ತು. ದೀಪಾವಳಿ ಹತ್ತಿರ ಬಂತೆಂದರೆ ಊರಿನ ಹೆಂಗಸರೆಲ್ಲ ಗೋಡೆಗೆ ಕೆಮ್ಮಣ್ಣು ಸಾರಿಸಿ ಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಅವ್ವನಿಗೆ ಬರೆದಷ್ಟಕ್ಕೆ ಸಮಾಧಾನವಿರಲಿಲ್ಲ. ಹದ ಮಾಡಿದ ಮಣ್ಣನ್ನು ಗೋಡೆಗೆ ಒತ್ತಿ, ದೀಪದ ಗೂಡಿನ ಸುತ್ತ ಗಿಣಿ, ಆಕಳು, ಕೊಡ ಹೊತ್ತ ಹೆಣ್ಣು, ಹೀಗೆ ಏನಾದರೂ ಉಬ್ಬಿಸುತ್ತಿದ್ದಳು. ಅಪ್ಪನ ಕಣ್ಣಿಗೆ ಅದೊಂದು ಕೆಲಸವೇ ಅಲ್ಲ. "ಮಳಿ ಬಂದ್ರ ಮಣ್ಣು ಮಣ್ಣಿಗೆ ಹೋಗ್ತೈತಿ" ಎನ್ನುತ್ತಿದ್ದ. ಅವ್ವ, "ಹೋಗಲಿ ಬಿಡ್ರಿ, ಮತ್ತ ಮಾಡ್ತೀನಿ" ಎನ್ನುತ್ತಿದ್ದಳು. ನಾನು ಆ ಕೆಲಸವನ್ನು ಅವಳ ಪಕ್ಕದಲ್ಲಿ ನಿಂತು ಕಲಿತೆ.

ಆ ದಿನ ಗಂಡಿನವರು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದರು. ಕಿನ್ನಾಳದವರು. ಅವರ ಮನೆತನವೂ ಗೊಂಬೆ ಮಾಡುವುದೇ. ಆದರೆ ಹುಡುಗ ಮುಂಬಯಿಗೆ ಹೋಗಿ, ದೊಡ್ಡ ಶಿಲ್ಪಿಯೊಬ್ಬರ ಕಾರ್ಖಾನೆಯಲ್ಲಿ ಆಳೆತ್ತರದ ಮೂರ್ತಿ ಮಾಡುವುದನ್ನು ಕಲಿಯುತ್ತಿದ್ದಾನೆಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಅಪ್ಪ ಅವಲಕ್ಕಿಯ ತಟ್ಟೆ ಮುಂದಿಟ್ಟ. ಹುಡುಗನ ಕಣ್ಣು ಮಾತ್ರ ಗೂಡಿನ ಪಕ್ಕದ ಗಿಣಿಯ ಮೇಲೆ ನಿಂತಿತ್ತು.

"ಈ ಗಿಣಿ ಯಾರು ಮಾಡಿದ್ದರಿ?"

ಅಪ್ಪನಿಗೆ ನಾಚಿಕೆಯಾಯಿತು. "ಹುಡುಗರು ಆಡ್ಕೋತ ಮಾಡ್ಯಾರ್ರಿ. ಬರೂ ವಾರ ಅಳಸಿ ಸುಣ್ಣಾ ಹೊಡಸ್ತೀನಿ."

ನಾನು ಕದದ ಮರೆಯಲ್ಲಿದ್ದೆ. ನನಗೆ ತಡೆಯಲಾಗಲಿಲ್ಲ. "ಆಡ್ಕೋತ ಅಲ್ಲರಿ. ನಾ ಮಾಡೀನಿ. ಕುತ್ತಿಗಿ ಮೂರು ಸಲ ಬಿದ್ದು, ನಾಕನೇ ಸಲಕ್ಕ ನಿಂತೈತಿ."

ನೋಡಲು ಬಂದವರ ಮುಂದೆ ಹೆಣ್ಣು ಬಾಯಿಬಿಡುವುದುಂಟೆ? ಅವ್ವ ನನ್ನ ತೋಳನ್ನು ಹಿಡಿದು ಚಿವುಟಿದಳು. ಆ ಕಡೆಯಿಂದ ಹುಡುಗನ ದನಿ ಕೇಳಿತು.

"ಮೂರು ಸಲ ಯಾಕ ಬಿತ್ತು?"

"ಮಣ್ಣಿಗೆ ಪುಂಡಿ ನಾರು ಕಡಿಮಿ ಬಿದ್ದಿತ್ರಿ."

ಮದುವೆಗೆ ಮೊದಲು ನಾವಿಬ್ಬರೂ ಆಡಿದ ಮಾತು ಇಷ್ಟೇ. ಹುಡುಗನ ತಂದೆ ಒಂದು ಸಲ ಕೆಮ್ಮಿ, ಆಮೇಲೆ ಗಟ್ಟಿಯಾಗಿ ನಕ್ಕು, "ಬೀಗರ, ಇನ್ನೇನು ಕೇಳೂದೈತ್ರಿ, ಮುಹೂರ್ತ ನೋಡಸ್ರಿ" ಎಂದುಬಿಟ್ಟರು.

ಮದುವೆಯಾದ ಮೇಲೆ ನಮ್ಮವರು ಮುಂಬಯಿಗೆ ಹೋದರು. ನಾನು ಕಿನ್ನಾಳದಲ್ಲಿ ಮಾವನವರ ಹತ್ತಿರ ಉಳಿದೆ. ಅತ್ತೆ ತೀರಿಕೊಂಡು ಬಹಳ ದಿನವಾಗಿತ್ತು. ಹುಣಸೆ ಬೀಜ ಅರೆದು ಅಂಟು ಕಾಯಿಸುವುದು, ಮರದ ಗೊಂಬೆಗೆ ಆ ಅಂಟಿನ ಹಿಟ್ಟು ಮೆತ್ತುವುದು ಎಲ್ಲವನ್ನೂ ಮಾವನವರೇ ನನಗೆ ಕಲಿಸಿದರು. ಹೀಗೆ ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಮೂರ್ತಿ ಎರಕಕ್ಕೆ ಲೋಹ ಸಿಗದಾಯಿತು, ಕಾರ್ಖಾನೆಯ ಕೆಲಸ ನಿಂತಿತು, ನಮ್ಮವರು ಒಂದು ತಗಡಿನ ಟ್ರಂಕು ಹೊತ್ತು ಊರಿಗೆ ಬಂದರು.

ಟ್ರಂಕಿನಲ್ಲಿ ಅರಿವೆಗಿಂತ ಹೆಚ್ಚಾಗಿ ಕಾಗದವಿತ್ತು. ಪರದೇಶದ ಪತ್ರಿಕೆಗಳಿಂದ ಕತ್ತರಿಸಿದ ಮೂರ್ತಿಗಳ ಚಿತ್ರಗಳನ್ನು ಒಂದು ದಪ್ಪ ವಹಿಯಲ್ಲಿ ಅಂಟಿಸಿದ್ದರು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕೂಡಿಸಿಕೊಂಡು ಅದನ್ನು ತೆಗೆದರು. ಮೊದಲ ಹಾಳೆಯಲ್ಲೇ ನನಗೆ ದಿಗಿಲಾಯಿತು.

"ಇವಳ ತಲಿ ಎಲ್ಲಿ ಹೋತ್ರಿ?"

"ಮಾಡಿಲ್ಲ."

"ಮರ್ತಾರೇನು?"

"ಮರ್ತಿಲ್ಲ. ನಡಿಗಿ ತೋರಸಾಕ ತಲಿ ಬೇಕಾಗಿಲ್ಲ ಅಂತ ಬಿಟ್ಟಾರ."

ಹಾಳೆ ತಿರುವುತ್ತ ಹೇಳುತ್ತಾ ಹೋದರು. ಫ್ರಾನ್ಸಿನ ಒಬ್ಬ ಮುದುಕ ಮಣ್ಣನ್ನು ನುಣುಪು ಮಾಡದೆ ತನ್ನ ಬೆರಳಿನ ಗುರುತನ್ನು ಹಾಗೆಯೇ ಉಳಿಸುತ್ತಿದ್ದನಂತೆ. ಇನ್ನೊಬ್ಬ ಕಲ್ಲನ್ನು ಉಜ್ಜಿ ಉಜ್ಜಿ, ಕಣ್ಣು ಮೂಗು ಎಲ್ಲ ಕರಗಿಸಿ, ತತ್ತಿಯಂಥ ಮುಖವೊಂದನ್ನೇ ಉಳಿಸುತ್ತಾನಂತೆ. ನಮ್ಮ ದೇಶದಲ್ಲೂ ಬಂಗಾಳದ ಕಡೆ ಕೆಲವರು ದೇವರು, ದೊರೆಗಳನ್ನು ಬಿಟ್ಟು ದುಡಿಯುವ ಮಂದಿಯನ್ನು ಮಾಡಲು ಹತ್ತಿದ್ದಾರಂತೆ. ಹೇಳುವಾಗ ಅವರ ದನಿ ಹಬ್ಬದ ದಿನದ ದನಿಯಾಗುತ್ತಿತ್ತು.

ನಾನು ಸುಮ್ಮನೆ ಕೇಳಿ, ಕಡೆಗೆ ಅಂದೆ: "ನಮ್ಮವ್ವ ಮಾಡೂ ಹೆಣ್ಣಿಗೂ ಕಣ್ಣು ಮೂಗು ಇರೂದಿಲ್ರಿ. ಆಕಿ ಬೆರಳು ದಪ್ಪ ಅದಾವ, ಅಷ್ಟು ಸಣ್ಣದು ಮಾಡಾಕ ಬರೂದಿಲ್ಲ."

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ನನ್ನ ತವರುಮನೆಯ ಗೋಡೆಯ ಮೇಲಿದ್ದ ಕೊಡ ಹೊತ್ತ ಹೆಣ್ಣನ್ನು ಪೆನ್ಸಿಲ್ ಹಿಡಿದು ವಹಿಯ ಖಾಲಿ ಹಾಳೆಯಲ್ಲಿ ಬರೆದರು. ಅವರಿಗೆ ಅದು ನನಗಿಂತ ಚೆನ್ನಾಗಿ ನೆನಪಿತ್ತು.

ಊರಲ್ಲಿ ಅವರ ವಿದ್ಯೆಗೆ ಕೆಲಸವಿರಲಿಲ್ಲ. ಮಾವನವರು ಗೌರಿ ಮಾಡಲು ಹೇಳಿದರು. ನಮ್ಮವರು ಒಡವೆಯಿಲ್ಲದ, ಸೀರೆಯ ನೆರಿಗೆಯಿಲ್ಲದ ನುಣ್ಣನೆಯ ಗೌರಿಯೊಂದನ್ನು ಮಾಡಿದರು. ಕೊಪ್ಪಳದ ಮನೆಯೊಂದರವರು ತೆಗೆದುಕೊಂಡು ಹೋದವರು ಮರುದಿನವೇ ತಂದು, "ನಮ್ಮ ಗೌರಿ ಮುತ್ತೈದಿ ರೀ" ಎಂದು ಹಿಂದಕ್ಕೆ ಕೊಟ್ಟರು. ಮಾವನವರು ಅದಕ್ಕೆ ಮೂಗುತಿ, ಸರ, ಡಾಬು ಎಲ್ಲ ಏರಿಸಿ ಕಳಿಸಿದರು.

ಆ ವರ್ಷವೇ ಗಂಗಾವತಿಯಿಂದ ಕರೆ ಬಂತು. ಅಕ್ಕಿಯ ವ್ಯಾಪಾರದ ಸಾಹುಕಾರರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ತಲೆಬಾಗಿಲ ಮೇಲೆ ಗಜಲಕ್ಷ್ಮಿ, ಪಡಸಾಲೆಯ ಉದ್ದ ಗೋಡೆಯ ಮೇಲೆ ಬಳ್ಳಿ, ನವಿಲು ಉಬ್ಬಿಸಬೇಕು. "ಹೈದರಾಬಾದಿನ್ಯಾಗ ನವಾಬರ ಮನ್ಯಾಗ ನೋಡೀನಿ, ಅಂಥಾದ್ದು ಬೇಕು ನೋಡ್ರಿ ಮಾಸ್ತರ್ರ" ಎಂದರು. ನಾನೂ ಜೊತೆಗೆ ಹೋದೆ. ಹಿತ್ತಿಲ ಕೋಣೆಯಲ್ಲಿ ಒಲೆ ಹೂಡಿಕೊಂಡೆವು.

ನಮ್ಮವರು ಮುಂಬಯಿಯಿಂದ ತಂದ ಬಿಳಿ ಪುಡಿಯನ್ನು ಕಲಸಿ ಗಜಲಕ್ಷ್ಮಿಯನ್ನು ಶುರುಮಾಡಿದರು. ಅದು ಗಟ್ಟಿಯಾಗುವುದೇನೋ ಬೇಗ. ಆದರೆ ಗಂಗಾವತಿಯ ಮಳೆಗಾಲದ ತೇವ ಅದಕ್ಕೆ ಒಗ್ಗಲಿಲ್ಲ. ಒಂದು ಮುಂಜಾನೆ ಎಡಗಡೆಯ ಆನೆ ಗೋಡೆ ಬಿಟ್ಟು ಜಾರಿ, ಹೊಸಿಲ ಮುಂದೆ ಬಿದ್ದು ಪುಡಿಯಾಯಿತು. ಸಾಹುಕಾರರು ಬಂದು ನೋಡಿ, "ಮಾಸ್ತರ್ರ, ಲಕ್ಷ್ಮಿ ಮನಿಗೆ ಬರೂ ಮೊದಲ ಆನಿ ಓಡಿಹೋತಲ್ರಿ!" ಎಂದರು. ತಮಾಷೆಯ ಮನುಷ್ಯ. ಆದರೆ ನಮ್ಮವರ ಮುಖ ಸುಣ್ಣವಾಗಿತ್ತು.

ಅಡಿಗೆಯ ಹೊತ್ತಿಗೆ ನಾನು ಮೆಲ್ಲಗೆ ಹೇಳಿದೆ, "ನಮ್ಮವ್ವನ ಹದದಾಗ ಮಾಡೂಣೇನ್ರಿ? ಮಣ್ಣಿನ ಬದಲಿ ಗಚ್ಚು ಹಾಕಿ?"

ಊರಾಚೆ ಎತ್ತು ಕಟ್ಟಿ ಸುಣ್ಣ ಅರೆಯುವ ಗಾಣವಿತ್ತು. ಅಲ್ಲಿಂದ ಗಚ್ಚು ತರಿಸಿ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಸಣ್ಣಗೆ ಕತ್ತರಿಸಿದ ಪುಂಡಿ ನಾರು ಹಾಕಿ ನಾನೇ ತುಳಿದೆ. ಮೂರು ದಿನ ಮುಚ್ಚಿಟ್ಟು ಮತ್ತೆ ತುಳಿದೆ. ಆ ಗಚ್ಚು ಗೋಡೆ ಕಚ್ಚಿ ಹಿಡಿಯಿತು. ಎರಡೂ ಆನೆಗಳು ನಿಂತವು, ನಡುವೆ ಲಕ್ಷ್ಮಿ ಕೂತಳು. ನಮ್ಮವರು ಕೈ ತೊಳೆಯುತ್ತ, "ಮುಂಬಯಿದಾಗ ಇದನ್ನ ಯಾರೂ ಹೇಳಿಕೊಟ್ಟಿದ್ದಿಲ್ಲ" ಎಂದರು. ನನಗೆ ಆ ದಿನ ಊಟವೇ ಸೇರಲಿಲ್ಲ, ಅಷ್ಟು ಹಿಗ್ಗು.

ಗಚ್ಚಿನ ಮೇಲೆ ಕೊನೆಯ ಪದರಕ್ಕೆ ನುಣುಪು ಜೇಡಿಮಣ್ಣು ಬೇಕಿತ್ತು. ಹತ್ತಿರದ ಮರಳಿ ಎಂಬ ಊರಲ್ಲಿದ್ದ ಸಾಹುಕಾರರ ಗದ್ದೆಯಲ್ಲಿ ಒಳ್ಳೆಯದು ಸಿಗುತ್ತದೆಂದು ಇಬ್ಬರೂ ಹೋದೆವು. ಅಲ್ಲಿ ನಾಟಿ ನಡೆದಿತ್ತು. ಏಳು ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ಎತ್ತರದ ಹೆಂಗಸೊಬ್ಬಳು ಹಾಡು ಎತ್ತಿಕೊಡುತ್ತಿದ್ದಳು. ನಮ್ಮವರು ಬದುವಿನ ಮೇಲೆ ಕೂತು ವಹಿ ತೆಗೆದರು. ಆ ಹೆಂಗಸು ಸೊಂಟ ನೆಟ್ಟಗೆ ಮಾಡಿ ನೋಡಿ, "ಯಾರ ಯಕ್ಕಾ ಅವ್ರು? ಸರ್ವೇದವ್ರೇನ?" ಎಂದು ನನ್ನನ್ನು ಕೇಳಿದಳು. "ಅಲ್ಲವ್ವಾ, ಚಿತ್ರಾ ಬರಿಯೋರು" ಎಂದೆ. "ನಮ್ಮ ಬೆನ್ನಿನ್ಯಾಗ ಏನೈತಿ ಬರಿಯಾಕ!" ಎಂದು ಏಳೂ ಜನ ನಕ್ಕು ಮತ್ತೆ ಬಗ್ಗಿದರು.

ಅದೇ ವಾರ ಸಾಹುಕಾರರು ಕೋರ್ಟಿನ ಕೆಲಸಕ್ಕೆ ಹೈದರಾಬಾದಿಗೆ ಹೋದವರು ತಿಂಗಳುಗಟ್ಟಲೆ ಅಲ್ಲೇ ಉಳಿದರು. ಪಡಸಾಲೆಯ ಉದ್ದ ಗೋಡೆ ಖಾಲಿಯಿತ್ತು. ನಮ್ಮವರು ಬಳ್ಳಿ ಬರೆಯಲಿಲ್ಲ, ನವಿಲೂ ಬರೆಯಲಿಲ್ಲ. ಆ ಏಳು ಹೆಂಗಸರನ್ನೇ ಉಬ್ಬಿಸಿದರು. ಮುಖವಿಲ್ಲ, ಒಡವೆಯಿಲ್ಲ. ಬೆನ್ನಿನಿಂದ ಬೆನ್ನಿಗೆ ಗುಡ್ಡದ ಸಾಲಿನಂತೆ ಏರಿಳಿಯುವ ಒಂದೇ ಗೆರೆ. ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಆ ಬೆನ್ನುಗಳು ಅಲುಗಿದಂತೆ ಕಾಣುತ್ತಿದ್ದವು. ನಾನು ಒಂದೆರಡು ಸಲ ಹೇಳಿದೆ, "ಸಾವ್ಕಾರ್ರು ಬೈತಾರ್ರಿ." ಅವರಿಗೆ ಕೇಳಿಸಲೇ ಇಲ್ಲ. ಅವರನ್ನು ಅಷ್ಟು ಸುಖವಾಗಿ ನಾನು ಹಿಂದೆ ನೋಡಿರಲಿಲ್ಲ. ಆದ್ದರಿಂದ ಮೂರನೆಯ ಸಲ ಹೇಳಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸುಗ್ಗಿಯ ಹೊತ್ತಿಗೆ ಮರಳಿಯ ಹೆಂಗಸರು ಸಾಹುಕಾರರ ಮನೆಗೆ ನೆಲ್ಲು ಹೊತ್ತು ತಂದರು. ಗೋಡೆಯ ಮುಂದೆ ನಿಂತರು. ಹಾಡು ಎತ್ತುತ್ತಿದ್ದ ಹೆಂಗಸು ಹತ್ತಿರ ಹೋಗಿ ಒಂದು ಬೆನ್ನಿನ ಮೇಲೆ ಬೆರಳಾಡಿಸಿದಳು. ಕೆಳಗೆ ಕಾಲುಗಳನ್ನು ಬಹಳ ಹೊತ್ತು ನೋಡಿ, "ಹೂಂ" ಎಂದು ಹೋದಳು. ಅವಳಿಗೆ ಹಿಡಿಸಲಿಲ್ಲವೆಂದು ತಿಳಿದೆ.

ನಾಲ್ಕು ದಿನಕ್ಕೆ ಸಾಹುಕಾರರು ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಗೋಡೆಯ ಮುಂದೆ ನಿಂತರು.

"ಇದೇನ್ರಿ ಮಾಸ್ತರ್ರ? ನವಿಲೆಲ್ಲಿ?"

"ನವಿಲು ಎಲ್ಲಾರ ಮನ್ಯಾಗೂ ಅದಾವ್ರಿ ಸಾವ್ಕಾರ್ರ. ಇದು ನಿಮ್ಮ ಹೊಲ. ನಿಮ್ಮ ಅನ್ನ."

"ಬೀಗರು ಬಂದ್ರ ಕೂಲಿ ಹೆಣ್ಮಕ್ಕಳ ಬೆನ್ನು ತೋರಸ್ಲೇನ್ರಿ? ಮಾರಿನೂ ಇಲ್ಲ ಇವರಿಗೆ! ಮಗಳ ಮದಿವಿ ಐತಿ ಮನ್ಯಾಗ. ನನ್ನ ಮರ್ಯಾದಿ ನೋಡ್ರಿ."

ಅವರು ಕೆಟ್ಟವರಲ್ಲ. ಕೂಗಾಡಲಿಲ್ಲ. ಕೇಳಿದ್ದೊಂದು, ಸಿಕ್ಕಿದ್ದೊಂದು ಆದಾಗ ಯಾರಾದರೂ ಆಡುವ ಮಾತನ್ನೇ ಆಡಿದರು. ಗೌಂಡಿಯನ್ನು ಕರೆಸಿ ತೆಗೆಸುತ್ತೇನೆ ಎಂದರು. ನಮ್ಮವರು, "ನನ್ನ ಕೈಲೆ ಹಚ್ಚೀನಿ, ನನ್ನ ಕೈಲೆ ತೆಗೀತೀನ್ರಿ" ಎಂದು ಉಳಿ ತೆಗೆದುಕೊಂಡರು.

ಕೆತ್ತಿ ತೆಗೆಯಲು ಮೂರು ದಿನ ಹಿಡಿಯಿತು. ಗಚ್ಚು ಅಷ್ಟು ಗಟ್ಟಿಯಾಗಿತ್ತು. ಒಂದೊಂದು ಏಟಿಗೂ ನನ್ನ ಹದ ಸರಿಯಾಗಿತ್ತೆಂದು ಗೊತ್ತಾಗುತ್ತಿತ್ತು, ಹದ ಸ್ವಲ್ಪ ಕೆಟ್ಟಿದ್ದರೆ ಅವರಿಗೆ ಸುಲಭವಾಗುತ್ತಿತ್ತಲ್ಲ ಎಂದು ಅಳು ಬರುತ್ತಿತ್ತು. ಆಮೇಲೆ ಅವರು ಆ ಗೋಡೆಗೆ ಕೈ ಹಚ್ಚಲಿಲ್ಲ. ನವಿಲು, ಬಳ್ಳಿಯನ್ನೆಲ್ಲ ನಾನೇ ಮಾಡಿದೆ. ಸಾಹುಕಾರರು ನೋಡಿ, "ಭಾಳ ಛಲೋ ಆತವ್ವ" ಎಂದು ನನಗೊಂದು ಇಳಕಲ್ ಸೀರೆ ಕೊಟ್ಟು ಕಳಿಸಿದರು. ಆ ಸೀರೆಯ ಮಡಿಕೆಯನ್ನು ನಾನು ಬಹಳ ದಿನ ಬಿಚ್ಚಲಿಲ್ಲ.

ಕಿನ್ನಾಳಕ್ಕೆ ಬಂದ ಮೇಲೆ ನಮ್ಮವರು ಮಣ್ಣು ಮುಟ್ಟಲಿಲ್ಲ. ಕಟ್ಟಿಗೆ ಸೀಳುವರು, ಮಾವನವರ ಗೊಂಬೆಗಳಿಗೆ ಬಿಳಿ ಬಣ್ಣದ ಮೊದಲ ಕೈ ಕೊಡುವರು, ಕರೆದರೆ ಮಾತಾಡುವರು. ವಹಿ ಟ್ರಂಕಿನಲ್ಲಿ ಬಿತ್ತು. ಮಾವನವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಅವಗ ಏನೂ ಅನಬ್ಯಾಡವ್ವ. ಎಳೀ ಗಾಯ ಮುಟ್ಟಿದಷ್ಟೂ ಮಾಯೂದಿಲ್ಲ." ಸುಮಾರು ಒಂದು ವರ್ಷ ಹಾಗೆ ನಡೆಯಿತು.

ಮುಂದಿನ ದೀಪಾವಳಿ ಹತ್ತಿರವಾದಾಗ ನಾನೇ ಒಂದು ನೆಪ ಹುಡುಕಿದೆ. "ನಮ್ಮ ಗೋಡಿಗೆ ಮರಳಿ ಮಣ್ಣು ಬೇಕ್ರಿ, ಇಲ್ಲಿದು ಬಿರೀತೈತಿ" ಎಂದು ಹಟ ಹಿಡಿದೆ. ಇಲ್ಲಿನ ಮಣ್ಣು ಬಿರಿಯುತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ಹೋದೆವು.

ಮರಳಿಯ ಓಣಿಯಲ್ಲಿ ಒಂದು ಗುಡಿಸಲಿನ ಮುಂದೆ ನಮ್ಮವರು ಗಾಡಿ ನಿಲ್ಲಿಸಿದರು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ, ಮೊಳಕಾಲೆತ್ತರದಲ್ಲಿ, ಏಳು ಬೆನ್ನುಗಳು. ಮುಖವಿಲ್ಲ. ಒಂದೇ ಗೆರೆ ಏರಿ ಇಳಿದು ಹೋಗಿತ್ತು. ಬೆನ್ನ ಮೇಲೆಲ್ಲ ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ಮುಂದೆ ಹಾಡು ಎತ್ತುವ ಅದೇ ಹೆಂಗಸು ಮೊಳಕೈತನಕ ಮಣ್ಣು ಮೆತ್ತಿಕೊಂಡು ಕೂತಿದ್ದಳು.

"ಬರ್ರಿ ಮಾಸ್ತರ್ರ," ಎಂದಳು, ನಾವು ನಿನ್ನೆ ಹೋಗಿ ಇವತ್ತು ಬಂದವರೆಂಬಂತೆ. "ನೀವು ಅಲ್ಲಿ ಕೆಡವಿದ್ರೆಂತ ಕೇಳಿದ್ವಿ. ಅದಕ್ಕ ನಾವು ಇಲ್ಲಿ ಹಚಗೊಂಡೀವಿ. ನಮ್ಮ ಬೆನ್ನು ನಮ್ಮ ಗೋಡಿ ಮ್ಯಾಲಿದ್ರ ಯಾರು ಏನಂತಾರ?"

ನಮ್ಮವರು ಇಳಿದು ಹತ್ತಿರ ಹೋದರು. ಅವಳು ಮುಂದುವರಿಸಿದಳು.

"ಆದರ ನಿಮ್ಮದರಾಗ ಒಂದು ತಪ್ಪಿತ್ತು ನೋಡ್ರಿ. ಬೆನ್ನು ಖರೇನ ಛಲೋ ಮಾಡಿದ್ರಿ. ಕಾಲು ತಪ್ಪಿದ್ರಿ."

"ಕಾಲು?"

"ಸಸಿ ಹಚ್ಚೋರು ಹಿಂದಕ್ಕ ಸರೀತಾರ್ರಿ, ಮುಂದಕ್ಕ ಅಲ್ಲ. ನಿಮ್ಮ ಹೆಣ್ಮಕ್ಕಳು ಮುಂದ ಕಾಲಿಟ್ಟಿದ್ರು. ತಾವು ಹಚ್ಚಿದ ಸಸಿ ತಾವ ತುಳಕೋತ ಹೊಂಟಿದ್ರು!"

ನಮ್ಮವರು ಗೋಡೆಯ ಬುಡ ನೋಡಿದರು. ಏಳೂ ಹೆಂಗಸರ ಭಾರ ಹಿಂದಿನ ಕಾಲಿನ ಮೇಲಿತ್ತು. ಅದರಿಂದಲೇ ಆ ಬೆನ್ನುಗಳಿಗೆ ಒಂದು ಎಳೆತ ಬಂದಿತ್ತು. ಅವರು ಅಂಗಳದಲ್ಲಿ ಕುಸಿದು ಕೂತು ನಗಲು ಶುರುಮಾಡಿದರು. ಆ ನಗು ಕೇಳಿ ವರ್ಷವಾಗಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಅವತ್ತ ಯಾಕ ಹೇಳಲಿಲ್ಲವ್ವಾ?"

"ನೀವು ಕೇಳಿದ್ರೇನು?"

ಆ ಹೆಂಗಸು ಮಣ್ಣಿನ ಬುಟ್ಟಿಯನ್ನು ಅವರ ಕಡೆಗೆ ಸರಿಸಿದಳು. "ಏಳನೇದು ಇನ್ನೂ ಹಸಿ ಐತಿ. ಕೈ ಹಚ್ಚೂದಾದ್ರ ಹಚ್ರಿ."

ಅವರು ಅಂಗಿಯ ತೋಳು ಮಡಚಿಕೊಂಡು ಮಣ್ಣಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಅವಳು, "ಅಷ್ಟು ತಿಕ್ಕಬ್ಯಾಡ್ರಿ ಮಾಸ್ತರ್ರ, ಹೆಣ್ಮಗಳು ಜಾರಿ ಬೀಳ್ತಾಳ" ಎಂದು ಗದರಿದಳು. ಅವರು ಕೈ ತೆಗೆದರು. ಮುಂಬಯಿಯ ಗುರುಗಳ ಮಾತಿಗೂ ಅಷ್ಟು ಬೇಗ ಕೈ ತೆಗೆದಿರಲಿಕ್ಕಿಲ್ಲ.

ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮರಳಿಯಲ್ಲಿ ಆ ವರ್ಷವೇ ಹತ್ತಾರು ಮನೆಗಳ ಗೋಡೆಯ ಮೇಲೆ ಮುಖವಿಲ್ಲದ ಮಂದಿ ಎದ್ದರು. ನೆಲ್ಲು ತೂರುವವರು, ಕುರಿ ಕಾಯುವವರು, ಕೂಸಿಗೆ ಎಣ್ಣೆ ತಿಕ್ಕುವ ಬಾಣಂತಿ. ಮಾಡಿದವರು ಹೆಂಗಸರೇ. ನಮ್ಮವರು ಸುತ್ತಾಡಿ ನೋಡುವರು, ಕೇಳಿದರೆ ಭಾರ ಎಲ್ಲಿ ಬೀಳಬೇಕೆಂದು ತೋರಿಸುವರು. ನಾನು ಬಿರಿಯದಂತೆ ಹದ ಹೇಳಿಕೊಡುತ್ತಿದ್ದೆ. ಫ್ರಾನ್ಸಿನ ಮುದುಕನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಆದರೂ ಬೆರಳಿನ ಗುರುತು ಉಳಿಸುವುದು ಅಲ್ಲಿ ಒಂದು ಚಂದವೆನಿಸಿತು. ಗುರುತು ನೋಡಿಯೇ "ಇದು ಇಂಥಾಕಿ ಕೈ" ಎಂದು ಹೇಳುತ್ತಿದ್ದರು.

ಕೆಲಸವೂ ಬರತೊಡಗಿತು. ಹನುಮನಹಳ್ಳಿಯಲ್ಲಿ, ಗುಡ್ಡ ಹತ್ತುವ ಯಾತ್ರಿಕರು ಇಳಿದುಕೊಳ್ಳುವ ಛತ್ರದ ಗೋಡೆಗೆ ಮಂಗಗಳ ಸಾಲೊಂದನ್ನು ಉಬ್ಬಿಸಲು ಕರೆದರು. ನಮ್ಮವರು ಮೊದಲು ಎಂಟು ದಿನ ಕಲ್ಲಿನ ಮೇಲೆ ಕೂತು ಮಂಗಗಳನ್ನೇ ನೋಡಿದರು, ಅಲ್ಲಿನ ಮುದುಕರನ್ನು ಕೇಳಿದರು. ಕೆಲಸ ಶುರುವಾದ ಮೇಲೆ ನಿಜವಾದ ಮಂಗಗಳಿಗೆ ತಡೆಯಲಾಗಲಿಲ್ಲ. ಹಸಿ ಗಚ್ಚಿನಲ್ಲಿ ಬೆಲ್ಲದ ವಾಸನೆ ಬೇರೆ. ನಾವು ಊಟಕ್ಕೆ ಕೂತಾಗ ಒಂದು ದೊಡ್ಡ ಕಪಿ ಬಂದು ಗೋಡೆಯ ಮೇಲಿನ ಕಪಿಯ ಕಿವಿ ಕಿತ್ತು ತಿಂದಿತು. ನಾನು ಬೇವಿನ ಎಣ್ಣೆ ಸವರಿ ಬಂದೋಬಸ್ತು ಮಾಡಿದೆ. ನಮ್ಮವರು ಮಾತ್ರ ಕಿವಿ ಹೋದ ಕಪಿಯನ್ನು ಹಾಗೆಯೇ ಬಿಟ್ಟರು.

ಯುದ್ಧ ಮುಗಿದಿತ್ತು. ಆ ಕೆಲಸದ ನಡುವೆಯೇ ಮುಂಬಯಿಯಿಂದ ಕಾಗದ ಬಂತು. ಕಾರ್ಖಾನೆ ಮತ್ತೆ ತೆರೆದಿದೆ, ದೊಡ್ಡ ಮೂರ್ತಿಯೊಂದರ ಕೆಲಸವಿದೆ, ಕೂಡಲೇ ಹೊರಟು ಬಾ ಎಂದು ಗುರುಗಳು ಬರೆದಿದ್ದರು. ನಮ್ಮವರು ನಿಚ್ಚಣಿಕೆಯ ಮೇಲೆ ನಿಂತೇ ಓದಿ ನನ್ನ ಕೈಗೆ ಕೊಟ್ಟರು.

"ಹೋಗ್ರಿ" ಎಂದೆ. ಮನಸಾರೆ ಎಂದೆ. "ಮಾವನವ್ರನ್ನ ನಾ ನೋಡ್ಕೋತೀನಿ."

"ಹೋಗಬೇಕಂತ ಐತಿ," ಎಂದರು. "ಇಲ್ಲ ಅನ್ನೂದಿಲ್ಲ. ಆದರ ಅಲ್ಲಿ ಹೋದ್ರ ಯಾರದೋ ಮೂರ್ತಿ ಕೋಟಿನ ಗುಂಡಿ ಮಾಡೂದು. ಇಲ್ಲಿ ನನಗ ತಪ್ಪು ಹೇಳೋರು ಅದಾರ."

ಎರಡು ದಿನ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಾಡಿದರು. ಮೂರನೆಯ ದಿನ ಬರುವುದಿಲ್ಲವೆಂದು ಬರೆದು ಹಾಕಿದರು. ಆಮೇಲೆ ಅವರಿಗೆ ವ್ಯಸನವೇ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಮುಂಬಯಿಯ ಪತ್ರಿಕೆ ಯಾರಾದರೂ ತಂದರೆ ಮೂರ್ತಿಗಳ ಚಿತ್ರವಿದ್ದ ಹಾಳೆಯನ್ನು ಬಹಳ ಹೊತ್ತು ಹಿಡಿದು ಕೂತಿರುತ್ತಿದ್ದರು. ಆಗ ನಾನು ಚಹಾ ಮಾಡಿ ಪಕ್ಕಕ್ಕಿಟ್ಟು ಬರುತ್ತಿದ್ದೆ.

ನಲವತ್ತರ ದಶಕ ಮುಗಿಯುವ ಹೊತ್ತಿಗೆ ಕುಷ್ಟಗಿಯ ಒಂದು ಶಾಲೆಯಲ್ಲಿ ಅವರಿಗೆ ಚಿತ್ರ ಕಲಿಸುವ ಕೆಲಸ ಸಿಕ್ಕಿತು. ಹೋದ ಮೊದಲ ವಾರವೇ ಹೆಡ್ಮಾಸ್ತರರು ಮನೆಗೆ ಬಂದು ನನಗೆ ದೂರು ಹೇಳಿದರು: "ಏನ್ರವ್ವ, ನಿಮ್ಮ ಯಜಮಾನ್ರು ಹುಡಿಗ್ಯಾರ ಕೈಯಾಗ ಪೆನ್ಸಿಲ್ ಕೊಡೂದು ಬಿಟ್ಟು ಮಣ್ಣು ಕೊಟ್ಟಾರ. ಸಾಲಿ ಗೋಡಿ ತುಂಬ ರಾಡಿ."

"ಹದ ಹ್ಯಾಂಗೈತ್ರಿ, ಬಿರದೈತೇನು?" ಎಂದು ಕೇಳಿದೆ.

ಅವರು ತಲೆ ಕೆರೆದುಕೊಂಡು, "ಇಲ್ಲ, ಬಿರದಿಲ್ಲ" ಎಂದರು. ನಾನು ಅವರಿಗೆ ಕೂಡಲು ಮಣೆ ಹಾಕಿ, ಅವಲಕ್ಕಿ ಕಲಸಲು ಒಳಗೆ ಹೋದೆ.